ವಿರಾಮದ ಓದು ಮತ್ತು ಸಾಂತ್ವನ: ಕಾದಂಬರಿಗಾರ್ತಿ ತ್ರಿವೇಣಿಯವರ ಬದುಕಿನ ಒಂದು ಮರುನೋಟ

ಆಧುನಿಕ ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಹೆಚ್ಚು ಓದಿಸಿಕೊಂಡೂ ಕಡಿಮೆ ಚರ್ಚೆಗೊಳಗಾದ ಲೇಖಕರ ಒಂದು ಸಾಲೇ ಇದೆ. ಆ ಸಾಲಿನಲ್ಲಿ ತ್ರಿವೇಣಿಯವರದು ಪ್ರಮುಖ ಹೆಸರು. ಮಧ್ಯಾಹ್ನದ ಬಿಡುವಿನಲ್ಲಿ, ಮನೆಗೆಲಸ ಮುಗಿಸಿದ ಮೇಲೆ, ಪರೀಕ್ಷೆಯ ದಣಿವು ಕಳೆಯಲೆಂದು ಕೈಗೆತ್ತಿಕೊಳ್ಳುವ ಪುಸ್ತಕಗಳೆಂದು ಅವರ ಕಾದಂಬರಿಗಳನ್ನು ಪರಿಗಣಿಸುತ್ತ ಬರಲಾಗಿದೆ. ಪ್ರೇಮ, ಮದುವೆ, ದಾಂಪತ್ಯಗಳ ಸುತ್ತ ಹೆಣೆದ ಇಂತಹ ಕಾದಂಬರಿಗಳಿಗೆ ವಿಮರ್ಶೆಯು ‘ಜನಪ್ರಿಯ’ ಎಂಬ ಹಣೆಪಟ್ಟಿ ಹಚ್ಚಿ ಬದಿಗಿರಿಸಿದ್ದೇ ಹೆಚ್ಚು. ದಣಿದ ಮನಸ್ಸಿಗೆ ಈ ಓದು ಕೊಡುವುದು ಕೇವಲ ಪಲಾಯನವೇ, ಅಥವಾ ಅದು ಬೇರೊಂದು ಬಗೆಯ ಸಾಂತ್ವನವೇ ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ತ್ರಿವೇಣಿಯವರ ಬದುಕು ಮತ್ತು ಬರವಣಿಗೆಯನ್ನು ಅವಲೋಕಿಸುವುದು ಪ್ರಸ್ತುತ ಲೇಖನದ ಉದ್ದೇಶ. ಮೈಸೂರು ಸೀಮೆಯ ಲೇಖಕಿಯನ್ನು ಕಲಬುರಗಿಯ ನೆಲೆಯಲ್ಲಿ ನಿಂತು ಓದುವಾಗ ಈ ಪ್ರಶ್ನೆ ಮತ್ತಷ್ಟು ಜಟಿಲವಾಗುವುದರಿಂದ, ಲೇಖನದ ಉತ್ತರಾರ್ಧದಲ್ಲಿ ಆ ಆಯಾಮವನ್ನೂ ಚರ್ಚಿಸಲಾಗಿದೆ.

ರಂಜನೆಗಾಗಿ ಓದುವ ಕಾದಂಬರಿಯ ಪರಂಪರೆ ಕನ್ನಡದಲ್ಲಿ ತ್ರಿವೇಣಿಯವರಿಂದ ಆರಂಭವಾದುದಲ್ಲ. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಕಾದಂಬರಿಗಳನ್ನು ಬಂಗಾಳಿಯಿಂದ ತಂದು ಹೊಸ ಓದುಗ ವರ್ಗವೊಂದನ್ನು ರೂಪಿಸಿದರು. ಗಳಗನಾಥರು ತಮ್ಮ ಐತಿಹಾಸಿಕ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಅ.ನ. ಕೃಷ್ಣರಾಯರು ಕಾದಂಬರಿಯನ್ನು ಮಧ್ಯಮವರ್ಗದ ಮನೆಯೊಳಗೆ ನೆಲೆಗೊಳಿಸಿದರು. ಆದರೆ ಈ ಎಲ್ಲ ಸಂದರ್ಭಗಳಲ್ಲಿ ಹೆಣ್ಣು ಬಹುಮಟ್ಟಿಗೆ ಓದುಗಳಾಗಿದ್ದಳು, ಇಲ್ಲವೆ ಪಾತ್ರವಾಗಿದ್ದಳು. ಮನೆಯೊಳಗಿನ ಬದುಕನ್ನು ಒಳಗಿನಿಂದಲೇ ಕಂಡು, ಕಾದಂಬರಿಯಾಗಿಸಿ, ಅಷ್ಟೇ ದೊಡ್ಡ ಓದುಗ ಸಮುದಾಯವನ್ನು ಗಳಿಸಿದ ಲೇಖಕಿಯರು ಬಂದದ್ದು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ. ತ್ರಿವೇಣಿಯವರ ಸ್ಥಾನವನ್ನು ಈ ಚಾರಿತ್ರಿಕ ತಿರುವಿನಲ್ಲಿಟ್ಟು ಗುರುತಿಸಬೇಕಾಗುತ್ತದೆ.

ತ್ರಿವೇಣಿಯವರು ಜನಿಸಿದ್ದು 1928ರ ಸೆಪ್ಟೆಂಬರ್ 1ರಂದು, ಮೈಸೂರಿನಲ್ಲಿ. ತಂದೆ ಬಿ.ಎಂ. ಕೃಷ್ಣಸ್ವಾಮಿ, ತಾಯಿ ತಂಗಮ್ಮ. ಹುಟ್ಟಿದಾಗ ಇಟ್ಟ ಹೆಸರು ಭಾಗೀರಥಿ. ಶಾಲೆಯ ದಾಖಲೆಯಲ್ಲಿ ಅನಸೂಯ. ತ್ರಿವೇಣಿ ಎಂಬುದು ಕಾವ್ಯನಾಮ. ಕನ್ನಡ ನವೋದಯದ ಆಚಾರ್ಯಪುರುಷರೆನಿಸಿದ ಬಿ.ಎಂ. ಶ್ರೀಕಂಠಯ್ಯನವರು ಇವರ ದೊಡ್ಡಪ್ಪ. ‘ವಾಣಿ’ ಎಂಬ ಕಾವ್ಯನಾಮದಿಂದ ಪ್ರಸಿದ್ಧರಾದ ಕಾದಂಬರಿಗಾರ್ತಿ ಇವರ ಬಂಧುವರ್ಗಕ್ಕೆ ಸೇರಿದವರು. ಮುಂದೆ ಬರೆಹಗಾರ್ತಿಯಾಗಿ ಹೆಸರು ಮಾಡಿದ ಆರ್ಯಾಂಬ ಪಟ್ಟಾಭಿ ಇವರ ತಂಗಿ. ಒಂದೇ ಕುಟುಂಬದ ಸುತ್ತ ಇಷ್ಟು ಜನ ಲೇಖಕರಿದ್ದುದು ಆಕಸ್ಮಿಕವೆನ್ನಲಾಗದು. ಹೆಣ್ಣುಮಕ್ಕಳು ಓದುವುದನ್ನೂ ಬರೆಯುವುದನ್ನೂ ಅಪರೂಪವೆಂದು ಕಾಣದ ಮನೆಗಳು ಆ ಕಾಲದಲ್ಲಿ ವಿರಳವಾಗಿದ್ದವು. ಅಂತಹ ಪರಿಸರ ಲಭಿಸಿದ್ದು ತ್ರಿವೇಣಿಯವರ ಬರವಣಿಗೆಗೆ ದೊರೆತ ಮೊದಲ ಅನುಕೂಲ.

ಮಂಡ್ಯ ಮತ್ತು ಮೈಸೂರುಗಳಲ್ಲಿ ಅವರ ವಿದ್ಯಾಭ್ಯಾಸ ನಡೆಯಿತು. ಬಿ.ಎ. ಪದವಿಗೆ ಅವರು ಆಯ್ದುಕೊಂಡ ವಿಷಯ ಮನಃಶಾಸ್ತ್ರ. ಈ ಆಯ್ಕೆ ಅವರ ಸಾಹಿತ್ಯಿಕ ಬದುಕನ್ನು ನಿರ್ಧರಿಸಿದ ಸಂಗತಿಯೆಂದು ಹೇಳಬಹುದು. ಮನಸ್ಸಿಗೂ ರೋಗ ಬರಬಹುದು, ಅದು ದೆವ್ವ ಮೆಟ್ಟಿದ್ದಲ್ಲ, ಪೂರ್ವಜನ್ಮದ ಕರ್ಮವೂ ಅಲ್ಲ, ಅದಕ್ಕೆ ಕಾರಣವೂ ಚಿಕಿತ್ಸೆಯೂ ಇವೆ ಎಂಬ ತಿಳಿವಳಿಕೆ ಆಗಿನ ಕುಟುಂಬಗಳಲ್ಲಿ ಸಾಮಾನ್ಯವಾಗಿರಲಿಲ್ಲ. ತರಗತಿಯಲ್ಲಿ ಕಲಿತ ಈ ಶಾಸ್ತ್ರವನ್ನು ಅಡುಗೆಮನೆ, ಪಡಸಾಲೆ, ಬಾಣಂತಿಕೋಣೆಗಳ ಭಾಷೆಗೆ ತಂದವರು ತ್ರಿವೇಣಿ. ಇಂಗ್ಲಿಷ್ ಅಧ್ಯಾಪಕರಾಗಿದ್ದ ಎಸ್.ಎನ್. ಶಂಕರ್ ಅವರೊಡನೆ ವಿವಾಹವಾದ ನಂತರ ಅವರು ಅನಸೂಯ ಶಂಕರ್ ಆದರು. ಅವರ ಬಹುಪಾಲು ಕೃತಿಗಳು ರಚನೆಯಾದದ್ದು ಗೃಹಿಣಿಯಾಗಿದ್ದ ವರ್ಷಗಳಲ್ಲಿ ಎಂಬುದು ಗಮನಾರ್ಹ.

1953ರಲ್ಲಿ ಮೊದಲ ಕಾದಂಬರಿ ‘ಅಪಸ್ವರ’ ಪ್ರಕಟವಾಯಿತು. ಅಲ್ಲಿಂದ 1963ರವರೆಗಿನ ಅವಧಿ ಕೇವಲ ಹತ್ತು ವರ್ಷಗಳದು. ಈ ಹತ್ತು ವರ್ಷಗಳಲ್ಲಿ ಸುಮಾರು 20 ಕಾದಂಬರಿಗಳನ್ನೂ ‘ಹೆಂಡತಿಯ ಹೆಸರು’, ‘ಎರಡು ಮನಸ್ಸು’, ‘ಸಮಸ್ಯೆಯ ಮಗು’ ಎಂಬ ಮೂರು ಕಥಾಸಂಕಲನಗಳನ್ನೂ ಅವರು ಬರೆದರು. ‘ಅವಳ ಮನೆ’ ಕಾದಂಬರಿಗೆ ರಾಜ್ಯಮಟ್ಟದ ಪುರಸ್ಕಾರ ದೊರೆಯಿತು. ವರ್ಷಕ್ಕೆ ಸರಾಸರಿ ಎರಡು ಕಾದಂಬರಿಗಳೆಂಬ ಈ ವೇಗವನ್ನು ಕಂಡೇ ಕೆಲವರು ಅವರನ್ನು ಬೇಡಿಕೆಗೆ ತಕ್ಕಂತೆ ಬರೆದವರ ಪಟ್ಟಿಗೆ ಸೇರಿಸಿರಬಹುದು. ಆದರೆ ಕೃತಿಗಳ ಶೀರ್ಷಿಕೆಗಳನ್ನು ಒಟ್ಟಿಗೆ ಇಟ್ಟು ನೋಡಿದರೂ ಈ ಅಭಿಪ್ರಾಯದ ಮಿತಿ ತಿಳಿಯುತ್ತದೆ. ‘ಬೆಳ್ಳಿ ಮೋಡ’, ‘ವಸಂತಗಾನ’, ‘ಹೃದಯಗೀತೆ’, ‘ತಾವರೆಯ ಕೊಳ’ ಎಂಬ ಹೆಸರುಗಳು ಓದುಗರಿಗೆ ಹಿತವಾದ ಲೋಕವೊಂದರ ಭರವಸೆ ಕೊಡುತ್ತವೆ. ‘ಅಪಸ್ವರ’, ‘ಅಪಜಯ’, ‘ಮುಚ್ಚಿದ ಬಾಗಿಲು’, ‘ಕೀಲುಗೊಂಬೆ’, ‘ಶರಪಂಜರ’ ಎಂಬ ಹೆಸರುಗಳು ಅಂತಹ ಯಾವ ಭರವಸೆಯನ್ನೂ ಕೊಡುವುದಿಲ್ಲ. ಆದರೂ ಎರಡೂ ಬಗೆಯ ಪುಸ್ತಕಗಳನ್ನು ಓದುಗರು ಒಂದೇ ಪ್ರೀತಿಯಿಂದ ಓದಿದರು. ವಿರಾಮಕ್ಕಾಗಿ ಓದುವವರು ಸುಖಾಂತವನ್ನು ಮಾತ್ರ ಬಯಸುತ್ತಾರೆಂಬ ಗ್ರಹಿಕೆಯನ್ನು ಇದು ಪ್ರಶ್ನಿಸುತ್ತದೆ.

ಈ ಮಾತಿಗೆ ‘ಬೆಳ್ಳಿ ಮೋಡ’ ಉತ್ತಮ ನಿದರ್ಶನ. ಪ್ರಣಯ ಕಾದಂಬರಿಯೊಂದಕ್ಕೆ ಬೇಕಾದ ಎಲ್ಲ ಸಾಮಗ್ರಿಯೂ ಇದರಲ್ಲಿದೆ. ಶ್ರೀಮಂತ ಮನೆತನದ ಒಬ್ಬಳೇ ಮಗಳು ಇಂದಿರಾ, ಪ್ರತಿಭಾವಂತನಾದರೂ ಬಡವನಾದ ಮೋಹನ, ನಿಶ್ಚಯವಾದ ಮದುವೆ, ಭಾವಿ ಅಳಿಯನ ವಿದೇಶ ವ್ಯಾಸಂಗಕ್ಕೆ ಹೆಣ್ಣಿನ ತಂದೆಯ ನೆರವು. ಅಷ್ಟರಲ್ಲಿ ಇಂದಿರೆಗೆ ತಮ್ಮನೊಬ್ಬ ಹುಟ್ಟುತ್ತಾನೆ. ಆಸ್ತಿಗೆ ಬೇರೊಬ್ಬ ವಾರಸುದಾರ ಬಂದೊಡನೆ ಮೋಹನನ ಪ್ರೀತಿ ತಣ್ಣಗಾಗುತ್ತದೆ. ಮುಂದೆ ಅಪಘಾತಕ್ಕೀಡಾದ ಅವನನ್ನು ಇಂದಿರೆಯೇ ಆರೈಕೆ ಮಾಡುತ್ತಾಳೆ. ಅವನು ಪಶ್ಚಾತ್ತಾಪಪಟ್ಟು ಮದುವೆಯ ಮಾತೆತ್ತಿದಾಗ ಆಕೆ ನಿರಾಕರಿಸುತ್ತಾಳೆ. ಜನಪ್ರಿಯ ಪ್ರಣಯ ಕಥನದ ನಿಯಮದಂತೆ ಕ್ಷಮೆ ಮತ್ತು ವಿವಾಹದಲ್ಲಿ ಮುಗಿಯಬೇಕಾದ ಕಥೆ ಇಲ್ಲಿ ನಿರಾಕರಣೆಯಲ್ಲಿ ಮುಗಿಯುತ್ತದೆ. ಇಂದಿರೆ ದ್ವೇಷದಿಂದ ಹೀಗೆ ಮಾಡುವುದಿಲ್ಲ. ಶುಶ್ರೂಷೆ ಮಾಡಿದ ಕೈಯೇ ಸಂಬಂಧವನ್ನು ಒಲ್ಲೆನೆನ್ನುತ್ತದೆ. ಕರುಣೆ ಬೇರೆ, ಒಪ್ಪಿಗೆ ಬೇರೆ ಎಂಬ ಈ ವಿವೇಚನೆ ಆ ಕಾಲದ ಓದುಗಳಿಗೆ ಎಷ್ಟು ಹೊಸದಾಗಿತ್ತೆಂಬುದನ್ನು ಊಹಿಸಬಹುದು. ಬಂದ ಗಂಡನ್ನು ಬೇಡವೆನ್ನುವ ಅವಕಾಶ ತನ್ನ ಬದುಕಿನಲ್ಲಿ ಇಲ್ಲದವಳು ಆ ಅವಕಾಶವನ್ನು ಓದಿನಲ್ಲಿ ಪಡೆದಳು.

‘ಶರಪಂಜರ’ದಲ್ಲಿ ಕಥನ ಮತ್ತಷ್ಟು ಕಠಿಣವಾದ ಹಾದಿ ಹಿಡಿಯುತ್ತದೆ. ಕಾವೇರಿ ಮತ್ತು ಸತೀಶರದು ಸುಖೀ ಸಂಸಾರ. ಹೆರಿಗೆಯ ನಂತರ ಕಾವೇರಿಯ ಮನಸ್ಸು ಅಸ್ವಸ್ಥವಾಗುತ್ತದೆ. ಹುದುಗಿದ್ದ ಹಿಂದಿನ ಘಟನೆಯೊಂದು ಆ ಸ್ಥಿತಿಯಲ್ಲಿ ಹೊರಬರುತ್ತದೆ. ಆಸ್ಪತ್ರೆಯಲ್ಲಿ ಆಕೆ ಗುಣಮುಖಳಾಗುತ್ತಾಳೆ. ಆದರೆ ಮನೆಗೆ ಮರಳಿದ ಮೇಲೆ ಗಂಡನಾಗಲಿ ನೆರೆಹೊರೆಯಾಗಲಿ ಆಕೆ ಗುಣಮುಖಳಾಗಿದ್ದಾಳೆಂದು ನಂಬುವುದಿಲ್ಲ. ನಕ್ಕರೂ ಅನುಮಾನ, ಅತ್ತರೂ ಅನುಮಾನ. ವೈದ್ಯರು ವಾಸಿಮಾಡಿದ ರೋಗವನ್ನು ಸಮಾಜ ಮತ್ತೆ ತಂದುಕೊಡುತ್ತದೆ. ಬಾಣಂತಿತನದ ಮಾನಸಿಕ ಅಸ್ವಸ್ಥತೆಯನ್ನು ‘ಬಾಣಂತಿಸನ್ನಿ’ ಎಂದು ಕರೆದು ಮುಚ್ಚಿಡುತ್ತಿದ್ದ ಸಮಾಜದಲ್ಲಿ ಅದನ್ನು ಕಾದಂಬರಿಯ ಕೇಂದ್ರಕ್ಕೆ ತಂದದ್ದು ಸಾಮಾನ್ಯ ಸಂಗತಿಯಲ್ಲ. ‘ಬೆಕ್ಕಿನ ಕಣ್ಣು’ ಕಾದಂಬರಿಯಲ್ಲಿ ಕಣ್ಣಿನ ಬಣ್ಣದ ಕಾರಣಕ್ಕೆ ತಿರಸ್ಕಾರಕ್ಕೊಳಗಾಗಿ, ಮಲತಾಯಿಯ ನಿಂದೆಯಲ್ಲಿ ಬೆಳೆಯುವ ಹುಡುಗಿಯ ಮನಸ್ಸು ಪರಿಶೀಲನೆಗೊಳಗಾಗಿದೆ. ‘ಹಣ್ಣೆಲೆ ಚಿಗುರಿದಾಗ’ ಎಳೆವಯಸ್ಸಿನ ವಿಧವೆಯ ಶಿಕ್ಷಣ ಮತ್ತು ಮರುವಿವಾಹದ ಪ್ರಶ್ನೆಯನ್ನು ಒಂದು ಮನೆಯೊಳಗಿನ ಪ್ರಶ್ನೆಯಾಗಿಯೇ ಎದುರಿಸುತ್ತದೆ.

ಇಂತಹ ವಸ್ತುಗಳಿರುವ ಪುಸ್ತಕಗಳು ಮನಸ್ಸನ್ನು ಹಗುರಗೊಳಿಸುವ ಓದಾಗಿ ಪರಿಣಮಿಸಿದ್ದು ಹೇಗೆ? ಇದಕ್ಕೆ ಅವರ ಕಥನದ ರೀತಿಯಲ್ಲಿ ಉತ್ತರವಿದೆ. ತ್ರಿವೇಣಿಯವರ ಗದ್ಯ ಸರಳ; ವಾಕ್ಯಗಳು ಚಿಕ್ಕವು; ಸಂಭಾಷಣೆ ಧಾರಾಳ. ಓದು ಎಲ್ಲಿಯೂ ತೊಡಕುವುದಿಲ್ಲ. ಮಗು ಅತ್ತಾಗ ಪುಸ್ತಕ ಮುಚ್ಚಿಟ್ಟು, ಮತ್ತೆ ತೆರೆದರೂ ಕಥೆಯ ಎಳೆ ಕೈಗೆ ಸಿಗುತ್ತದೆ. ಅದಕ್ಕಿಂತ ಮುಖ್ಯವಾದುದು ಲೇಖಕಿಯ ನಿಲುವು. ಪಾತ್ರ ತಪ್ಪಿದಾಗಲೂ ನಿರೂಪಣೆ ಅದರ ಮೇಲೆ ತೀರ್ಪು ಕೊಡಲು ಆತುರಪಡುವುದಿಲ್ಲ, ಹೀಗೇಕಾಯಿತೆಂದು ಕೇಳುತ್ತದೆ. ತನ್ನ ಮನೆಯಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ಪುಸ್ತಕವೊಂದು ಕೇಳುತ್ತಿದೆಯೆಂಬ ಅನುಭವ ಓದುಗಳಿಗೆ ಆಗುತ್ತದೆ. ಪಲಾಯನವೆಂದರೆ ಇರುವ ಸ್ಥಿತಿಯನ್ನು ಕೆಲಹೊತ್ತು ಮರೆಯುವುದು. ಇಲ್ಲಿ ಆಗುವುದು ಅದಕ್ಕೆ ಭಿನ್ನವಾದುದು: ಇರುವ ಸ್ಥಿತಿಗೆ ಹೆಸರು ಸಿಗುವುದು ಮತ್ತು ಆ ಸ್ಥಿತಿಯಲ್ಲಿ ತಾನೊಬ್ಬಳೇ ಇಲ್ಲವೆಂದು ತಿಳಿಯುವುದು. ಸಾಂತ್ವನ ಎಂಬ ಪದವನ್ನು ಈ ಲೇಖನದಲ್ಲಿ ಈ ಅರ್ಥದಲ್ಲಿ ಬಳಸಲಾಗಿದೆ.

ಪಶ್ಚಿಮದಲ್ಲಿ ಈ ದಿಕ್ಕಿನ ಸಂಶೋಧನೆ ನಡೆದಿದೆ. ಅಮೆರಿಕದ ವಿದುಷಿ ಜಾನಿಸ್ ರ‍್ಯಾಡ್‌ವೇ ಅವರು 1984ರಲ್ಲಿ ಪ್ರಕಟಿಸಿದ ಅಧ್ಯಯನವು ಪ್ರಣಯ ಕಾದಂಬರಿಗಳ ಪಠ್ಯಕ್ಕಿಂತ ಅವುಗಳನ್ನು ಓದುವ ಗೃಹಿಣಿಯರನ್ನು ಮಾತನಾಡಿಸಲು ಹೆಚ್ಚಿನ ಗಮನ ಕೊಟ್ಟಿತು. ಇಡೀ ದಿನ ಇತರರ ಆರೈಕೆಯಲ್ಲಿ ಕಳೆಯುವ ಹೆಣ್ಣಿಗೆ ಓದುವ ಹೊತ್ತು ತನ್ನದೇ ಆದ ಹೊತ್ತಾಗಿರುತ್ತದೆಂಬುದು ಆ ಅಧ್ಯಯನದ ಮುಖ್ಯ ತಿಳಿವುಗಳಲ್ಲೊಂದು. ಆದರೆ ಅಲ್ಲಿ ಪರಿಶೀಲಿಸಿದ ಕಾದಂಬರಿಗಳು ಬಹುತೇಕ ಸುಖಾಂತದ ಸಿದ್ಧ ಅಚ್ಚಿನಲ್ಲಿ ರೂಪುಗೊಂಡವು. ತ್ರಿವೇಣಿಯವರ ಕೃತಿಗಳು ಆ ಅಚ್ಚಿಗೆ ಒಗ್ಗುವುದಿಲ್ಲವಾದ್ದರಿಂದ ಆ ತಿಳಿವನ್ನು ನೇರವಾಗಿ ಇಲ್ಲಿಗೆ ಅನ್ವಯಿಸಲಾಗದು. ಓದುವವಳು ತನಗಾಗಿ ತೆಗೆದಿಟ್ಟುಕೊಂಡ ಹೊತ್ತನ್ನು ದುಃಖದ ಕಥೆಗೂ ಏಕೆ ಕೊಡುತ್ತಾಳೆ ಎಂಬುದು ಕನ್ನಡದ ಸಂದರ್ಭಕ್ಕೆ ವಿಶಿಷ್ಟವಾದ ಪ್ರಶ್ನೆಯಾಗಿ ಉಳಿಯುತ್ತದೆ.

ಕನ್ನಡ ವಿಮರ್ಶೆ ಈ ಪ್ರಶ್ನೆಯನ್ನು ಎತ್ತಿಕೊಳ್ಳದಿರಲು ಕಾಲದ ಹಿನ್ನೆಲೆಯೂ ಕಾರಣ. ತ್ರಿವೇಣಿಯವರು ಬರೆಯುತ್ತಿದ್ದ ದಶಕದಲ್ಲೇ ನವ್ಯ ಪಂಥ ಬಲಗೊಂಡಿತು. ಗೋಪಾಲಕೃಷ್ಣ ಅಡಿಗರ ‘ಚಂಡಮದ್ದಳೆ’ ಬಂದದ್ದು 1954ರಲ್ಲಿ. ಶಾಂತಿನಾಥ ದೇಸಾಯಿಯವರ ‘ಮುಕ್ತಿ’ ಕಾದಂಬರಿ 1961ರಲ್ಲಿ. ಅಂತರಂಗದ ಶೋಧ, ಸುಪ್ತಪ್ರಜ್ಞೆ, ವ್ಯಕ್ತಿಯ ಒಂಟಿತನಗಳು ನವ್ಯದ ಕೊಡುಗೆಗಳೆಂದು ಚರಿತ್ರೆಗಳಲ್ಲಿ ದಾಖಲಾದವು. ಮನಸ್ಸಿನ ಒಳಪದರುಗಳನ್ನು 1953ರಿಂದಲೇ ಕಾದಂಬರಿಯ ವಸ್ತುವಾಗಿಸಿದ್ದ ಲೇಖಕಿಯ ಹೆಸರು ಆ ಪಟ್ಟಿಗೆ ಸೇರಲಿಲ್ಲ. ಭಾಷಿಕ ಪ್ರಯೋಗದ ದೃಷ್ಟಿಯಿಂದ ನವ್ಯಕ್ಕೂ ಇವರಿಗೂ ಇರುವ ಅಂತರ ನಿಜ. ಇವರ ಕೆಲವು ಕೃತಿಗಳಲ್ಲಿ ಆಕಸ್ಮಿಕಗಳ ಭಾರ ಹೆಚ್ಚೆಂಬ ಆಕ್ಷೇಪಕ್ಕೂ ಆಧಾರವಿದೆ. ಆದರೆ ಒಂಟಿತನವು ಗಂಡಿನದಾದಾಗ ಅಸ್ತಿತ್ವದ ಪ್ರಶ್ನೆಯಾಗಿಯೂ ಹೆಣ್ಣಿನದಾದಾಗ ಸಂಸಾರದ ಕಥೆಯಾಗಿಯೂ ವರ್ಗೀಕರಣಗೊಂಡದ್ದನ್ನು ಕೇವಲ ಕಲಾತ್ಮಕ ಮಾನದಂಡದ ಫಲವೆಂದು ಒಪ್ಪುವುದು ಕಷ್ಟ.

1963ರ ಜುಲೈ ತಿಂಗಳಲ್ಲಿ ತ್ರಿವೇಣಿಯವರು ಹೆಣ್ಣುಮಗುವಿಗೆ ಜನ್ಮವಿತ್ತರು. ಹತ್ತು ದಿನಗಳ ನಂತರ, ಜುಲೈ 29ರಂದು, ಶ್ವಾಸಕೋಶದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ತೀರಿಕೊಂಡರು. ಆಗ ಅವರಿಗೆ ಇನ್ನೂ 35 ತುಂಬಿರಲಿಲ್ಲ. ಬಾಣಂತಿಕೋಣೆಯ ಸಂಕಟವನ್ನು ಕನ್ನಡ ಕಾದಂಬರಿಗೆ ತಂದ ಲೇಖಕಿ ಬಾಣಂತಿಕೋಣೆಯಲ್ಲೇ ಕೊನೆಯುಸಿರೆಳೆದರು. ಅರ್ಧದಲ್ಲಿ ನಿಂತಿದ್ದ ‘ಅವಳ ಮಗಳು’ ಕಾದಂಬರಿಯನ್ನು ಎಂ.ಸಿ. ಪದ್ಮಾ ಅವರು ಪೂರ್ಣಗೊಳಿಸಿದರು. ಅದೇ 1963ರಲ್ಲಿ ಎಂ.ಕೆ. ಇಂದಿರಾ ಅವರ ‘ತುಂಗಭದ್ರ’ ಪ್ರಕಟವಾಗಿ, ಮಹಿಳಾ ಕಾದಂಬರಿಯ ಧಾರೆ ಮತ್ತೊಂದು ಕೈಯಲ್ಲಿ ಮುಂದುವರಿಯಿತು.

ಮರಣಾನಂತರ ಅವರ ಕಥೆಗಳು ಚಲನಚಿತ್ರಗಳ ಮೂಲಕ ಇನ್ನೂ ವಿಶಾಲವಾದ ಜನಸಮುದಾಯವನ್ನು ತಲುಪಿದವು. ‘ಬೆಕ್ಕಿನ ಕಣ್ಣು’ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ ಅವರು 1966ರಲ್ಲಿ ಮಲಯಾಳಂ ಚಿತ್ರವಾಗಿಸಿದರು. 1967ರಲ್ಲಿ ‘ಬೆಳ್ಳಿ ಮೋಡ’, 1968ರಲ್ಲಿ ಎಂ.ಆರ್. ವಿಠಲ್ ನಿರ್ದೇಶನದ ‘ಹಣ್ಣೆಲೆ ಚಿಗುರಿದಾಗ’, 1970ರ ದಶಕದ ಆರಂಭದಲ್ಲಿ ‘ಶರಪಂಜರ’, 1993ರಲ್ಲಿ ‘ಹೂವು ಹಣ್ಣು’ ತೆರೆಗೆ ಬಂದವು. ಇಂದಿರೆಯಾಗಿ, ಕಾವೇರಿಯಾಗಿ ಅಭಿನಯಿಸಿದ ಕಲ್ಪನಾ ಆ ಪಾತ್ರಗಳ ಮುಖವೇ ಆಗಿಹೋದರು. ಅಕ್ಷರ ಬಾರದವರಿಗೂ ತ್ರಿವೇಣಿಯವರ ಲೋಕ ಪರಿಚಯವಾದದ್ದು ಹೀಗೆ. ಕಲಬುರಗಿ ಪ್ರದೇಶದ ಮಟ್ಟಿಗೆ ಈ ಸಂಗತಿಗೆ ವಿಶೇಷ ಮಹತ್ವವಿದೆ.

‘ಅಪಸ್ವರ’ ಪ್ರಕಟವಾದ 1953ರಲ್ಲಿ ಮೈಸೂರು ಮತ್ತು ಕಲಬುರಗಿ ಬೇರೆ ಬೇರೆ ರಾಜ್ಯಗಳಲ್ಲಿದ್ದವು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಭಾಗದಲ್ಲಿ ಆಡಳಿತ ಮತ್ತು ಶಿಕ್ಷಣದ ಭಾಷೆ ಪ್ರಧಾನವಾಗಿ ಉರ್ದುವಾಗಿತ್ತು. 1949ರಲ್ಲಿ ಉತ್ತಂಗಿ ಚನ್ನಪ್ಪನವರ ಅಧ್ಯಕ್ಷತೆಯಲ್ಲಿ ಕಲಬುರಗಿಯಲ್ಲಿ ಸಾಹಿತ್ಯ ಸಮ್ಮೇಳನ ನಡೆದರೂ, ಈ ಜಿಲ್ಲೆ ಏಕೀಕೃತ ರಾಜ್ಯವನ್ನು ಸೇರಿದ್ದು 1956ರ ನವೆಂಬರ್ 1ರಂದು. ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಸ್ಥಾಪನೆಯಾದದ್ದು 1958ರಲ್ಲಿ. ವಿಶ್ವವಿದ್ಯಾಲಯ ಬಂದದ್ದು 1980ರಲ್ಲಿ. 1965ರ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದ ನಂತರವಷ್ಟೇ ಗ್ರಂಥಾಲಯಗಳಿಗೆ ವ್ಯವಸ್ಥಿತವಾದ ಜಾಲ ಒದಗಿತು. ಅಂದರೆ ತ್ರಿವೇಣಿಯವರು ಬದುಕಿ ಬರೆದ ದಶಕದಲ್ಲಿ ಈ ಭಾಗದ ಹೆಣ್ಣುಮಕ್ಕಳಲ್ಲಿ ಕನ್ನಡ ಕಾದಂಬರಿ ಓದಬಲ್ಲವರ ಸಂಖ್ಯೆ ತೀರ ಸೀಮಿತವಾಗಿತ್ತು. 2011ರ ಜನಗಣತಿಯಲ್ಲೂ ರಾಜ್ಯದ ಮಹಿಳಾ ಸಾಕ್ಷರತೆ ಶೇ. 68ರಷ್ಟಿದ್ದರೆ ಕಲಬುರಗಿ ಜಿಲ್ಲೆಯದು ಸುಮಾರು ಶೇ. 55. ಮೈಸೂರಿನ ಓದುಗಳು ಲೇಖಕಿಯ ಸಮಕಾಲೀನಳಾಗಿದ್ದಳು; ಕಲಬುರಗಿಯ ಓದುಗಳು ಬಹುಮಟ್ಟಿಗೆ ಆಕೆಯ ಮರಣಾನಂತರದವಳು.

ಕಾಲದ ಈ ಅಂತರಕ್ಕೆ ಭಾಷೆಯ ಅಂತರವೂ ಸೇರುತ್ತದೆ. ಕಲಬುರಗಿಯಿಂದ ಹುಮನಾಬಾದ್ ಹಾದಿಯಲ್ಲಿರುವ, ಕೆಂಪು ಬಾಳೆಗೆ ಹೆಸರಾದ, 2018ರಿಂದ ತಾಲ್ಲೂಕು ಕೇಂದ್ರವಾಗಿರುವ ಕಮಲಾಪುರದ ಓದುಗಳೊಬ್ಬಳನ್ನು ಕಲ್ಪಿಸಿಕೊಳ್ಳಬಹುದು. ಆಕೆ ಆಡುವ ಮಾತು ಬೇರೆ, ಬಡಿಯುವ ರೊಟ್ಟಿ ಬೇರೆ, ಮನೆಯ ಕಟ್ಟುಪಾಡು ಬೇರೆ. ತ್ರಿವೇಣಿಯವರ ಪಾತ್ರಗಳ ಕಾಫಿ, ಪಡಸಾಲೆಯ ಹರಟೆ, ಮೈಸೂರು ಮೇಲ್ವರ್ಗದ ಮನೆಗಳ ನಯವಾದ ಮಾತು ಆಕೆಗೆ ಪರವೂರಿನವು. ದೂರದ ಲೋಕವೊಂದರಲ್ಲಿ ವಿಹರಿಸುವ ಸುಖ, ಅಂದರೆ ಪಲಾಯನದ ಸುಖ, ಮೈಸೂರಿನವಳಿಗಿಂತ ಈಕೆಗೆ ಹೆಚ್ಚಾಗಿಯೇ ದೊರೆಯಬಹುದು. ಆದರೆ ಗಂಡನ ಮನೆಯವರ ಅನುಮಾನ, ಹೆರಿಗೆಯ ನಂತರದ ಮಂಕು, ಒಪ್ಪದ ಸಂಬಂಧಕ್ಕೆ ಕೊರಳೊಡ್ಡುವ ಸಂಕಟ ಪರವೂರಿನವಲ್ಲ. ಮನೆ ಅಪರಿಚಿತ, ಮನಸ್ಸು ಪರಿಚಿತ ಎಂಬ ಈ ವಿಶಿಷ್ಟ ಸ್ಥಿತಿ ಪಲಾಯನ ಮತ್ತು ಸಾಂತ್ವನಗಳೆರಡನ್ನೂ ಒಂದೇ ಓದಿನಲ್ಲಿ ಸಾಧ್ಯವಾಗಿಸುತ್ತದೆ. ಇವೆರಡನ್ನೂ ವಿರುದ್ಧ ಪದಗಳೆಂದು ಭಾವಿಸಿ ಆರಂಭಿಸಿದ ಚರ್ಚೆಯನ್ನು ಈ ಭಾಗದ ಓದುಗಳ ನೆಲೆ ತಿದ್ದುವಂತೆ ಮಾಡುತ್ತದೆ.

ಈ ಓದಿನ ಮಿತಿಯನ್ನೂ ಗುರುತಿಸಬೇಕು. ಹೊಲದ ಕೂಲಿ, ಜಾತಿಯ ಅವಮಾನ, ಬರಗಾಲಗಳ ನಡುವಿನ ಹೆಣ್ಣು ತ್ರಿವೇಣಿಯವರ ಕಾದಂಬರಿಗಳ ಕೇಂದ್ರದಲ್ಲಿಲ್ಲ. ಆ ಹೆಣ್ಣನ್ನು ಈ ನೆಲದ ಭಾಷೆಯಲ್ಲೇ ಕಾದಂಬರಿಗೆ ತಂದವರು ಕಲಬುರಗಿಯ ಗೀತಾ ನಾಗಭೂಷಣ. 1942ರಲ್ಲಿ ಜನಿಸಿ 2020ರಲ್ಲಿ ತೀರಿಕೊಂಡ ಅವರ ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. 2010ರ ಗದಗ ಸಮ್ಮೇಳನದ ಅಧ್ಯಕ್ಷತೆಯೂ ದೊರೆಯಿತು. ಇಬ್ಬರನ್ನು ಎದುರುಬದುರಾಗಿರಿಸಿ ಒಬ್ಬರನ್ನು ಸಾಂತ್ವನದ ಲೇಖಕಿ, ಇನ್ನೊಬ್ಬರನ್ನು ಪ್ರತಿರೋಧದ ಲೇಖಕಿ ಎಂದು ವಿಂಗಡಿಸುವುದು ಸುಲಭ. ಆದರೆ ಇಂದಿರೆಯ ನಿರಾಕರಣೆಯನ್ನು ನೆನೆದರೆ ಈ ಗೆರೆ ಅಷ್ಟು ಸ್ಪಷ್ಟವಾಗಿ ಉಳಿಯುವುದಿಲ್ಲ.

ತ್ರಿವೇಣಿಯವರ ಕಾದಂಬರಿಗಳು ಇಂದಿಗೂ ಮರುಮುದ್ರಣಗೊಳ್ಳುತ್ತಿವೆ. ಆದರೆ ಅವುಗಳನ್ನು ಓದಿದವರ ಚರಿತ್ರೆಯನ್ನು ಬರೆಯುವ ಕೆಲಸ ಬಹುಮಟ್ಟಿಗೆ ಬಾಕಿ ಇದೆ. ಗ್ರಂಥಾಲಯಗಳ ಎರವಲು ವಹಿಗಳು, ಪುಸ್ತಕದಂಗಡಿಗಳ ಲೆಕ್ಕ, ಶಾಲೆಯ ಓದನ್ನು ನಡುವೆಯೇ ಬಿಟ್ಟು ಮದುವೆಯಾಗಿ ಕಾದಂಬರಿಯ ಓದನ್ನು ಮಾತ್ರ ಬಿಡದ ಹೆಂಗಸರ ನೆನಪುಗಳು ಇದಕ್ಕೆ ಆಕರಗಳಾಗಬಲ್ಲವು. ಈ ಭಾಗದಲ್ಲಿ ಕನ್ನಡ ಶಾಲೆಯ ಮೊದಲ ತಲೆಮಾರಿನ ಹೆಣ್ಣುಮಕ್ಕಳಿಗೆ ಈಗ ಎಪ್ಪತ್ತು-ಎಂಬತ್ತು ವರ್ಷ ವಯಸ್ಸಾಗಿದೆ. ಕಲಬುರಗಿ ನಗರದ ಬಡಾವಣೆಗಳಲ್ಲೂ ಕಮಲಾಪುರದಂತಹ ಊರುಗಳಲ್ಲೂ ಅವರನ್ನು ಕಂಡು, ಏನು ಓದಿದಿರಿ, ಯಾವಾಗ ಓದಿದಿರಿ, ಯಾರಿಗೆ ತಿಳಿಯದಂತೆ ಓದಿದಿರಿ ಎಂದು ಕೇಳಿ ದಾಖಲಿಸುವ ಕೆಲಸವನ್ನು ಕನ್ನಡ ವಿಭಾಗಗಳು ಈಗಲೇ ಕೈಗೊಳ್ಳಬೇಕಿದೆ. ಪಠ್ಯಗಳು ಕಾಯಬಲ್ಲವು, ಆ ಓದುಗರಿಗೆ ಹೆಚ್ಚು ಕಾಲವಿಲ್ಲ.